ಅಮ್ಮ ಹೇಳಿದ ‘ಉಂಟು’

ಮೊನ್ನೆ ನಮ್ಮ ಕಾಸರಗೋಡಿನ ಬದಿಯಡ್ಕದ ಹೋಟೆಲಿನಲ್ಲಿ ಒಬ್ಬರು ಪೇಪರ್ ಮಡಚಿಟ್ಟು, "ಜೈಲಿನವರಿಗೆ ವರ್ಷಕ್ಕೆ 60 ದಿನ ಪರೋಲ್ ಅಂತೆ, ನಮಗಿಂತ ಸುಖ ಮಾರಾಯ" ಅಂದರು. ಅವರಿಗೆ ನನ್ನ ಗುರುತಿಲ್ಲ. ಸುಮ್ನೆ ಚಾ ಕುಡಿದು ಎದ್ದು ಬಂದೆ. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತೇನೆ.

ತೋಟದ ಬೇಲಿಯ ಜಗಳದಲ್ಲಿ ನನ್ನ ಕೈಯಿಂದ ಒಬ್ಬರ ಜೀವ ಹೋಯಿತು. ಏಳು ವರ್ಷ ಶಿಕ್ಷೆ. ತೀರ್ಪು ತಪ್ಪು ಅಂತ ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ.

60 ದಿನ ಅನ್ನುವುದು ಸುಳ್ಳಲ್ಲ. ಕೇರಳದ ಜೈಲು ನಿಯಮದಲ್ಲಿ ಅದಕ್ಕೆ ಹೆಸರೇ ಲೀವ್. ಮನೆಯಲ್ಲಿ ಸಾವೋ ದೊಡ್ಡ ಕಾಯಿಲೆಯೋ ಆದರೆ ತುರ್ತು ಲೀವ್ ಬೇರೆ. ಆದರೆ ಅರ್ಜಿ ಕೊಟ್ಟು ಬ್ಯಾಗ್ ಹಿಡಿದು ಹೊರಡುವುದಲ್ಲ. ಊರಿನ ಪೊಲೀಸರ ರಿಪೋರ್ಟ್ ಬರಬೇಕು, ಪ್ರೊಬೇಷನ್ ಆಫೀಸರ ರಿಪೋರ್ಟ್ ಬರಬೇಕು, ಜಾಮೀನು ನಿಲ್ಲುವವರು ಬೇಕು (ಜೈಲಿಗೆ ಹೋದವನಿಗೆ ಯಾರು ನಿಲ್ಲುತ್ತಾರೆ ಹೇಳಿ, ಭಾವ ನಿಂತರು, ಪುಣ್ಯಾತ್ಮ). ಪಾರ್ಟಿಯವರಿಗೆ ಬೇಗ ಸಿಗುತ್ತದೆ ಅಂತ ವಿಧಾನಸಭೆಯಲ್ಲೇ ಗಲಾಟೆ ಆಗಿದೆ, ಅದು ನಿಮಗೂ ಗೊತ್ತು. ನಮ್ಮಂಥವರದ್ದು ರಿಪೋರ್ಟಿನ ಒಂದು ಸಾಲಿನಲ್ಲಿ ನಿಂತುಹೋಗುತ್ತದೆ.

ನನ್ನ ಮೊದಲ ಅರ್ಜಿ ಹಾಗೇ ನಿಂತಿತು. "ಪೊಲೀಸ್ ರಿಪೋರ್ಟ್ ಸರಿ ಇಲ್ಲ, ಊರಲ್ಲಿ ವಿರೋಧ ಉಂಟಂತೆ" ಅಂದರು ಜೈಲಿನ ವೆಲ್ಫೇರ್ ಆಫೀಸರು. ಯಾರದ್ದು? ಸತ್ತವರ ಹೆಂಡತಿ ಬೇಡ ಅಂದಿದ್ದರೆ ನನಗೆ ಮಾತಿಲ್ಲ, ಅವರಿಗೆ ಆ ಹಕ್ಕು ಉಂಟು. ಆದರೆ ಯಾರು ಅಂತ ಗೊತ್ತಿಲ್ಲದೆ ರಾತ್ರಿಯಿಡೀ ಊರಿನ ಒಂದೊಂದೇ ಮನೆಯ ಬಾಗಿಲು ನೆನಪು ಮಾಡಿಕೊಂಡು, ಇವರಾ ಅವರಾ ಅಂತ ಲೆಕ್ಕ ಹಾಕುವುದಿದೆಯಲ್ಲ, ಅದು ಶಿಕ್ಷೆಯ ಮೇಲೊಂದು ಶಿಕ್ಷೆ. ಆಗ ಅಪ್ಪ ಕೋಲೂರಿ ತೋಟದವರೆಗೆ ಹೋಗುತ್ತಿದ್ದರು. ಎರಡನೇ ಅರ್ಜಿ ಮಂಜೂರಾಗಿ ನಾನು ಮನೆಗೆ ಹೋಗುವಾಗ ಅಪ್ಪ ಮಲಗಿದಲ್ಲೇ.

ಆ ಸಲ ಅಮ್ಮ ಒಂದು ಸುದ್ದಿ ಹೇಳಿದರು, ಭಾರೀ ಖುಷಿಯಲ್ಲಿ. ಮೊದಲ ಸಲ ವಿಚಾರಣೆಗೆ ಬಂದ ಪೊಲೀಸರಿಗೆ ಜಗಲಿಯಲ್ಲಿ ಚಾಪೆ ಹಾಕಿ ಮಜ್ಜಿಗೆ ಕೊಟ್ಟರಂತೆ. ಅಮ್ಮನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಪೊಲೀಸರು ಮಲಯಾಳದಲ್ಲಿ "ಎದಿರ್ಪ್ ಉಂಡೋ" ಅಂದರಂತೆ. ವಿರೋಧ ಉಂಟಾ ಅಂತ. ಅಮ್ಮನಿಗೆ ಕೇಳಿಸಿದ್ದು ಎದುರು. "ಉಂಟುಂಟು, ಎರಡು ಮನೆ" ಅಂತ ಕೈ ತೋರಿಸಿದರಂತೆ. ಅವರು ಬರೆದುಕೊಂಡರು.

ನನಗೆ ನಗುವುದಾ ಅಳುವುದಾ ಗೊತ್ತಾಗಲಿಲ್ಲ. ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ನೀವ್ಯಾರೂ ಹೇಳಬೇಡಿ.

ಆ ಪೊಲೀಸನ ಮೇಲೆ ನನಗೆ ಸಿಟ್ಟು ಕಡಿಮೆ. ಬರೆದದ್ದನ್ನು ನನಗೊಮ್ಮೆ ತೋರಿಸಿದ್ದರೆ ಆಗಲೇ ಸರಿಯಾಗುತ್ತಿತ್ತು ಅಲ್ವಾ? 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, 1969ರ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು ಅಂತ ಉಂಟು. ಅಂಗಡಿ ಲೈಸೆನ್ಸಿಗೆ, ರೇಷನ್ ಕಾರ್ಡಿಗೆ ಅದನ್ನು ಹಿಡಿದು ಜಗಳ ಮಾಡುತ್ತೇವೆ. ಕೈದಿಯ ಮನೆಯಲ್ಲಿ ಕೇಳುವ ನಾಲ್ಕು ಪ್ರಶ್ನೆಗೆ ಯಾರೂ ಮಾಡುವುದಿಲ್ಲ. ವಿರೋಧ ಅಂತ ಬರೆದರೆ ಯಾರದ್ದು, ಯಾಕೆ ಅಂತಲೂ ಬರೆಯಲಿ. ಹೆಸರು ಹೇಳಿದರೆ ಅವರಿಗೆ ಅಪಾಯ ಅಂತಿದ್ದರೆ ಕಾರಣವನ್ನಾದರೂ ಹೇಳಲಿ, ಕೈದಿ ಅದಕ್ಕೆ ಉತ್ತರ ಕೊಡಲಿ.

ಹೋದ ವಾರ ನಮ್ಮ ಕಡೆಯ ಒಬ್ಬಾಕೆ ಮನೆಗೆ ಬಂದಿದ್ದರು. ಗಂಡ ಒಳಗಿದ್ದಾನೆ, ಮೊದಲ ಅರ್ಜಿ. ಮನೆಯವರ ಕಡೆಯಿಂದ ಒಂದು ಕಾಗದ ಕನ್ನಡದಲ್ಲೇ ಬರೆದುಕೊಟ್ಟೆ. ಆಮೇಲೆ ಅವರ ಮನೆಗೆ ಹೋಗಿ, ಹಗಲು ಒಬ್ಬರೇ ಇರುವ ಅವರ ಅತ್ತೆಯನ್ನು ಕೂರಿಸಿ, ಎದಿರ್ಪ್ ಅಂದರೆ ಎದುರು ಮನೆ ಅಲ್ಲ ಅಂತ ಮೂರು ಸಲ ಹೇಳಿದೆ. ಅಜ್ಜಿ ತಲೆಯಾಡಿಸಿ, ಮಜ್ಜಿಗೆ ತರಲು ಒಳಗೆ ಹೋದರು.