ಇದು ಬೇಡ, ಅದು ಹೇಳಿ!

'ಐ ಡೋಂಟ್ ನೋ' ಅನ್ನಬೇಡಿ, 'ಐ ಹ್ಯಾವ್ ನೋ ಐಡಿಯಾ' ಅನ್ನಿ. 'ವೆರಿ ಟೈರ್ಡ್' ಬಿಡಿ, 'ಎಕ್ಸಾಸ್ಟೆಡ್' ಅನ್ನಿ. ಇಂಗ್ಲಿಷ್ ಕಲಿಸುವ ಪೋಸ್ಟ್‌ಗಳು ಜಾಸ್ತಿ ಹೀಗೇ ಇರುತ್ತವೆ. ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಬಾಣ. ನನಗೆ ಸಿಟ್ಟು ಬರುವುದು ಆ ಬಾಣದ ಮೇಲೆ. ಎರಡೂ ಒಂದೇ, ಬಲಗಡೆಯದು ಸ್ವಲ್ಪ ಸ್ಟೈಲು ಅನ್ನುವ ಭಾವನೆ ಹುಟ್ಟಿಸುತ್ತದೆ.

'ನೋ ಐಡಿಯಾ' ಅಂದರೆ ಸುಮ್ನೆ ಗೊತ್ತಿಲ್ಲ ಅಂತಲ್ಲ, ಊಹಿಸಲೂ ಆಗುತ್ತಿಲ್ಲ ಅಂತ. ಇಂಟರ್‌ವ್ಯೂನಲ್ಲಿ ಹಾಗಂದರೆ ಯೋಚಿಸುವ ಗೋಜಿಗೇ ಹೋಗಲಿಲ್ಲ ಅನ್ನಿಸಬಹುದು. 'ಐ ಆಮ್ ನಾಟ್ ಶೂರ್' ಅಂದರೆ ಮಾತು ಮುಂದುವರಿಯುತ್ತದೆ. ಯಾರು, ಯಾರಿಗೆ, ಯಾವಾಗ ಹೇಳಿದ್ದು ಅಂತ ಒಂದು ಸಾಲು ಬರೆದರೆ ಏನು ಗಂಟು ಹೋಗುತ್ತದೆ?

ಸಂದರ್ಭ ಕಟ್ಟಿ ತೋರಿಸುವುದು ಹೇಗೆ ಅಂತ ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ ಜೆ.ಎಲ್. ಆಸ್ಟಿನ್ ಅವರನ್ನು ನೋಡಿ ಕಲಿಯಬೇಕು. 1956ರ ಅವರ ಒಂದು ಭಾಷಣದಲ್ಲಿ ಎರಡು ಕತ್ತೆಗಳಿವೆ. ನನ್ನದೊಂದು, ನಿಮ್ಮದೊಂದು, ಒಂದೇ ಕಡೆ ಮೇಯುತ್ತಿವೆ. ನನ್ನದು ನನಗೆ ಬೇಡವಾಗಿದೆ. ಗುರಿಯಿಟ್ಟು ಹೊಡೆದೆ, ಹತ್ತಿರ ಹೋಗಿ ನೋಡಿದರೆ ಬಿದ್ದಿರುವುದು ನಿಮ್ಮದು. ಇದು 'ಬೈ ಮಿಸ್ಟೇಕ್'. ಇನ್ನೊಮ್ಮೆ ನನ್ನದಕ್ಕೇ ಗುರಿಯಿಟ್ಟೆ, ಹೊಡೆಯುವಷ್ಟರಲ್ಲಿ ಅವು ಅಲುಗಾಡಿ ಗುಂಡು ನಿಮ್ಮದಕ್ಕೆ ತಗುಲಿತು. ಇದು 'ಬೈ ಆಕ್ಸಿಡೆಂಟ್'. ಮೊದಲನೆಯದರಲ್ಲಿ ಗುಂಡು ಹೋಗಬೇಕಾದಲ್ಲಿಗೇ ಹೋಯಿತು, ನಾನು ತಿಳಿದದ್ದು ತಪ್ಪು. ಎರಡನೆಯದರಲ್ಲಿ ತಿಳಿದದ್ದು ಸರಿ, ಗುಂಡು ಹೋದದ್ದು ತಪ್ಪು. ಕತ್ತೆಗೆ ಎರಡೂ ಒಂದೇ ಬಿಡಿ, ಪಾಪ.

ಕೆಲವು ವ್ಯತ್ಯಾಸಗಳಿಗೆ ಇಷ್ಟು ಕಷ್ಟವೂ ಬೇಡ. 'ಯೂ ಮಸ್ಟ್ ಗೋ', 'ಯೂ ಹ್ಯಾವ್ ಟು ಗೋ' ಎರಡೂ ಹೆಚ್ಚುಕಮ್ಮಿ 'ಹೋಗಬೇಕು' ಅಂತಲೇ. 'ನಾಟ್' ಸೇರಿಸಿದ ಕೂಡಲೇ ದಾರಿ ಬೇರೆ. 'ಮಸ್ಟ್ ನಾಟ್ ಗೋ' ಅಂದರೆ ಹೋಗಬಾರದು, 'ಡೋಂಟ್ ಹ್ಯಾವ್ ಟು ಗೋ' ಅಂದರೆ ಹೋಗಬೇಕಾಗಿಲ್ಲ. ಕನ್ನಡದವರಿಗೆ ಇದಕ್ಕೆ ಚಾರ್ಟ್ ಯಾಕೆ ಬೇಕು, ಅಲ್ವಾ? ಡಾಕ್ಟರು 'ಯೂ ಮಸ್ಟ್ ನಾಟ್ ಟೇಕ್ ದಿಸ್' ಅಂದದ್ದನ್ನು 'ತಗೊಳ್ಳದಿದ್ದರೂ ನಡೆಯುತ್ತೆ' ಅಂತ ತಿಳಿದರೆ ಮಾತ್ರ ಕಷ್ಟ.

ನಿಜಕ್ಕೂ ಕೈಕೊಡುವುದು ಅರ್ಥ ಗೊತ್ತಿರುವ ಮಾತುಗಳೇ. 1987ರಲ್ಲಿ ಬಂದ ಕೋಬಿಲ್ಡ್ ಅನ್ನುವ ಇಂಗ್ಲಿಷ್ ನಿಘಂಟಿನ ಹಿಂದಿದ್ದ ಭಾಷಾತಜ್ಞ ಜಾನ್ ಸಿಂಕ್ಲೇರ್, ಜನ ನಿಜವಾಗಿ ಬಳಸಿದ ವಾಕ್ಯಗಳನ್ನು ರಾಶಿ ಹಾಕಿಕೊಂಡು ನೋಡಿದರು. 'ಸೆಟ್ ಇನ್' ಜೊತೆ ಬರುತ್ತಿದ್ದದ್ದು ಬಹುಪಾಲು ಯಾರಿಗೂ ಬೇಡದ್ದು: ಕೊಳೆತ, ಹತಾಶೆ, ಇಂಥವು. 'ಸೆಟ್ ಇನ್ ಅಂದರೆ ಶುರುವಾಗು' ಅಂತ ಬರೆದುಕೊಂಡವರು 'ಹ್ಯಾಪಿನೆಸ್ ಸೆಟ್ ಇನ್' ಅಂದರೆ ವ್ಯಾಕರಣದ ಪ್ರಕಾರ ಒಂದು ತಪ್ಪೂ ಇಲ್ಲ. ಕೇಳಿದವರಿಗೆ ಮಾತ್ರ ಖುಷಿ ಅನ್ನುವುದು ಜ್ವರದ ಹಾಗೆ ಹತ್ತಿಕೊಂಡಿತೇನೋ ಅನ್ನಿಸುತ್ತದೆ.