ಗೆದ್ದವರು ಕಟ್ಟಿದ ದಂಡ

ಕೆರಿಬಿಯನ್ ಸಮುದ್ರದ ಪುಟ್ಟ ದೇಶ ಹೈಟಿಯ ಸುದ್ದಿ ಬಂದಾಗಲೆಲ್ಲ, ಅದು ಭೂಕಂಪವಿರಲಿ, ಅಧ್ಯಕ್ಷರ ಕೊಲೆಯಿರಲಿ, ರಾಜಧಾನಿಯನ್ನು ಬಂದೂಕುಧಾರಿ ಗುಂಪುಗಳು ಹಂಚಿಕೊಂಡ ವರದಿಯಿರಲಿ, ಕೆಳಗೆ ಒಂದು ಪ್ರತಿಕ್ರಿಯೆ ಇದ್ದೇ ಇರುತ್ತದೆ: ‘ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ದಾಟಿದರೂ ಇವರಿಗೆ ಆಳಿಕೊಳ್ಳಲು ಬರುವುದಿಲ್ಲ.’ ಹೀಗೆ ಬರೆಯುವವರಲ್ಲಿ ಕನ್ನಡದವರೂ ಇರುತ್ತಾರೆ. ನಮ್ಮ ಅಜ್ಜ, ಮುತ್ತಜ್ಜಂದಿರ ಬಗ್ಗೆ ಬ್ರಿಟಿಷರು ಆಡುತ್ತಿದ್ದ ಮಾತನ್ನೇ ನಾವು ಇನ್ನೊಬ್ಬರ ಮೇಲೆ ಎಸೆಯುತ್ತಿದ್ದೇವೆ ಎಂಬ ಅರಿವು ಅವರಿಗಿದೆಯೋ ಇಲ್ಲವೋ. ನನಗಂತೂ ಅದನ್ನು ಓದಿದಾಗ ಸಿಟ್ಟು ನೆತ್ತಿಗೇರುತ್ತದೆ. ಹೈಟಿಯ ಬಡತನದ ಚರ್ಚೆ ಶುರುವಾಗಬೇಕಾದದ್ದು ಅಲ್ಲಿನ ಜನರ ಯೋಗ್ಯತೆಯಿಂದಲ್ಲ, ಫ್ರಾನ್ಸಿನ ಜಮಾಖರ್ಚಿನ ಪುಸ್ತಕದಿಂದ.

1780ರ ದಶಕದಲ್ಲಿ ಆ ನೆಲ ಸಾಂ ದೊಮಾಂಗ್ ಎಂಬ ಹೆಸರಿನ ಫ್ರೆಂಚ್ ವಸಾಹತು. ಯುರೋಪಿನಲ್ಲಿ ಕುಡಿಯುತ್ತಿದ್ದ ಕಾಫಿಯ ಅರ್ಧಕ್ಕೂ ಹೆಚ್ಚು, ಬಳಸುತ್ತಿದ್ದ ಸಕ್ಕರೆಯ ಸುಮಾರು ಶೇಕಡಾ 40ರಷ್ಟು ಈ ಒಂದೇ ವಸಾಹತಿನಿಂದ ಹೋಗುತ್ತಿತ್ತು. ದುಡಿಯುತ್ತಿದ್ದವರು ಸುಮಾರು ಐದು ಲಕ್ಷ ಗುಲಾಮರು. ಅವರಲ್ಲಿ ಬಹುಪಾಲು ಜನ ಆಫ್ರಿಕಾದಲ್ಲೇ ಹುಟ್ಟಿದವರು. ಕಬ್ಬಿನ ತೋಟಗಳಲ್ಲಿ ಜನ ಸಾಯುತ್ತಿದ್ದ ವೇಗಕ್ಕೆ ಹೊಸಬರನ್ನು ಹಡಗಿನಲ್ಲಿ ತುಂಬಿ ತರುತ್ತಲೇ ಇರಬೇಕಾಗಿತ್ತು, ಅದಕ್ಕೆ. 1791ರ ಆಗಸ್ಟ್‌ನಲ್ಲಿ ಇವರು ದಂಗೆಯೆದ್ದರು. ಫ್ರಾನ್ಸ್, ಸ್ಪೇನ್, ಬ್ರಿಟನ್ ಮೂರೂ ಸೇನೆಗಳನ್ನು ಎದುರಿಸಿದರು. ಗುಲಾಮಗಿರಿಯನ್ನು 1794ರಲ್ಲಿ ರದ್ದು ಮಾಡಿದ್ದ ಫ್ರಾನ್ಸೇ 1802ರಲ್ಲಿ ನೆಪೋಲಿಯನ್ನನ ಕೈಯಲ್ಲಿ ಅದನ್ನು ಮತ್ತೆ ಜಾರಿಗೆ ತರಲು ಹೊರಟಿತು. ನಾಯಕ ತೂಸಾಂ ಲೂವೆರ್ತ್ಯೂರ್‌ನನ್ನು ಮೋಸದಿಂದ ಸೆರೆಹಿಡಿದು ಒಯ್ದು, ಜೂರಾ ಬೆಟ್ಟಗಳ ಚಳಿಕೋಟೆಯೊಂದರಲ್ಲಿ ಕೂಡಿಹಾಕಿದರು. 1803ರ ಏಪ್ರಿಲ್‌ನಲ್ಲಿ ಆತ ಅಲ್ಲೇ ಸತ್ತ. ಆದರೂ ಅದೇ ನವೆಂಬರ್‌ನಲ್ಲಿ ವೆರ್ತಿಯೇರ್‌ನಲ್ಲಿ ಫ್ರೆಂಚ್ ಸೇನೆ ಸೋತಿತು. 1804ರ ಜನವರಿ 1ರಂದು ತೂಸಾಂನ ಸೇನಾಪತಿಯಾಗಿದ್ದ ದೆಸಲೀನ್ ಸ್ವಾತಂತ್ರ್ಯ ಘೋಷಿಸಿದ.

ನಾವು ಶಾಲೆಯಲ್ಲಿ ಬಾಸ್ಟೀಲ್ ಕೋಟೆಯ ಪತನವನ್ನು ಬಾಯಿಪಾಠ ಮಾಡಿದೆವು. ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಎಂದು ಉತ್ತರ ಬರೆದು ಅಂಕ ಪಡೆದೆವು. ಆ ಮೂರು ಮಾತುಗಳನ್ನು ಗಂಭೀರವಾಗಿ ತೆಗೆದುಕೊಂಡ ಗುಲಾಮರನ್ನು ಅದೇ ದೇಶ ಹೇಗೆ ನಡೆಸಿಕೊಂಡಿತು ಎಂಬುದು ಯಾವ ಪಾಠದಲ್ಲೂ ಬರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಯುದ್ಧದ ನಂತರದ ಕಥೆ. 1825ರಲ್ಲಿ ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ ಒಂದು ಆಜ್ಞೆ ಹೊರಡಿಸಿದ. ಹೈಟಿಯ ಸ್ವಾತಂತ್ರ್ಯವನ್ನು ಫ್ರಾನ್ಸ್ ಒಪ್ಪಬೇಕಾದರೆ, ಆಸ್ತಿ ಕಳೆದುಕೊಂಡ ತೋಟದ ಮಾಲೀಕರಿಗೆಂದು 15 ಕೋಟಿ ಫ್ರಾಂಕ್ ಕಟ್ಟಬೇಕು. ಫ್ರೆಂಚ್ ವ್ಯಾಪಾರಕ್ಕೆ ಅರ್ಧ ಸುಂಕ ಮಾತ್ರ ಹಾಕಬೇಕು. ಆ ಆಸ್ತಿಯಲ್ಲಿ ಮನುಷ್ಯರೂ ಸೇರಿದ್ದರು. ಅಂದರೆ ಬಿಡುಗಡೆ ಹೊಂದಿದವರು ತಮ್ಮದೇ ಮೈಯ ಬೆಲೆಯನ್ನು ಹಳೆಯ ಒಡೆಯನಿಗೆ ತೆರಬೇಕು. ಆಜ್ಞೆಯನ್ನು ತಂದ ಬ್ಯಾರನ್ ಮಾಕೋನ ಬೆನ್ನಿಗೆ ಸುಮಾರು ಐನೂರು ಫಿರಂಗಿಗಳಿದ್ದ ಯುದ್ಧನೌಕೆಗಳು ಬಂದು ನಿಂತವು. ಅಧ್ಯಕ್ಷ ಬುವಾಯೆ ಸಹಿ ಹಾಕಿದ.

15 ಕೋಟಿ ಎಂದರೆ ಎಷ್ಟು? 1803ರಲ್ಲಿ ಇದೇ ಫ್ರಾನ್ಸ್ ವಿಶಾಲವಾದ ಲೂಸಿಯಾನ ಪ್ರದೇಶವನ್ನು ಅಮೆರಿಕಕ್ಕೆ ಮಾರಿದ್ದು ಸುಮಾರು 8 ಕೋಟಿ ಫ್ರಾಂಕಿಗೆ.

ಯುದ್ಧದಂಡ ನಮಗೆ ಹೊಸದಲ್ಲ. ಹೈಟಿಯ ದಂಗೆಯ ಮರುವರ್ಷ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಅದು ಕ್ರೂರವೇ, ಆದರೆ ಅದರಲ್ಲಿ ಆ ಕಾಲದ ತರ್ಕವಿದೆ: ಸೋತವನು ತೆರುತ್ತಾನೆ. ಹೈಟಿಯಲ್ಲಿ ಗೆದ್ದವರು ತೆತ್ತರು, ಅದೂ ಸೋತ ದೇಶಕ್ಕೆ. ಬೇರೆ ಕಡೆ ಇಂಥದ್ದು ನಡೆದ ನೆನಪು ನನಗಿಲ್ಲ.

ಮೊದಲ ಕಂತು 3 ಕೋಟಿ ಫ್ರಾಂಕ್. ಅದು ಹೈಟಿ ಸರ್ಕಾರದ ಆ ವರ್ಷದ ಆದಾಯದ ಸುಮಾರು ಆರು ಪಟ್ಟು. ಸಾಲವನ್ನು ಪ್ಯಾರಿಸ್ಸಿನ ಬ್ಯಾಂಕುಗಳಿಂದಲೇ ಎತ್ತಬೇಕಾಯಿತು. ಬಡ್ಡಿಯನ್ನು ಮೊದಲೇ ಮುರಿದುಕೊಂಡು ಉಳಿದದ್ದನ್ನು ಕೈಗಿಡುವ ನಮ್ಮೂರ ಸಾಹುಕಾರರ ಹಾಗೆ, ಬ್ಯಾಂಕಿನವರು 60 ಲಕ್ಷ ಮುರಿದುಕೊಂಡು 2.4 ಕೋಟಿ ಕೊಟ್ಟರು. ಕೊರತೆಯನ್ನು ಖಜಾನೆ ಬರಿದು ಮಾಡಿ ತುಂಬಿಸಬೇಕಾಯಿತು. ಹೀಗೆ ದಂಡ ಒಂದು, ದಂಡ ಕಟ್ಟಲು ಮಾಡಿದ ಸಾಲ ಇನ್ನೊಂದು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ತೀರಿಸಿದ್ದು ಹೆಚ್ಚಾಗಿ ಕಾಫಿಯ ಮೇಲಿನ ತೆರಿಗೆಯಿಂದ, ಅಂದರೆ ಗುಡ್ಡದ ಇಳಿಜಾರಿನಲ್ಲಿ ನಾಲ್ಕು ಗಿಡ ಬೆಳೆದ ರೈತನಿಂದ.

1880ರಲ್ಲಿ ಸ್ಥಾಪನೆಯಾದ ‘ಹೈಟಿ ರಾಷ್ಟ್ರೀಯ ಬ್ಯಾಂಕ್’ ಹೆಸರಿಗೆ ಮಾತ್ರ ಹೈಟಿಯದು. ನಡೆಸುತ್ತಿದ್ದವರು ಪ್ಯಾರಿಸ್ಸಿನ ಬ್ಯಾಂಕಿನವರು. ಸರ್ಕಾರ ಹಣ ಜಮಾ ಮಾಡಿದರೂ ಕಮಿಷನ್, ತೆಗೆದರೂ ಕಮಿಷನ್. ಆಮೇಲೆ ಅಮೆರಿಕದ ಸರದಿ. 1914ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾಸೈನಿಕರು ಆ ಬ್ಯಾಂಕಿನಿಂದ 5 ಲಕ್ಷ ಡಾಲರ್ ಮೌಲ್ಯದ ಚಿನ್ನವನ್ನು ಹಾಡಹಗಲೇ ಹೊತ್ತು ನ್ಯೂಯಾರ್ಕ್‌ಗೆ ಒಯ್ದರು. ಮರುವರ್ಷ ದೇಶವನ್ನೇ ವಶಪಡಿಸಿಕೊಂಡು 1934ರವರೆಗೆ ಕುಳಿತರು. 1825ರಿಂದ ಬೆಳೆದುಬಂದ ಸಾಲದ ಸರಪಳಿಯ ಕೊನೆಯ ಬಾಕಿ ತೀರಿದ್ದು 1947ರಲ್ಲಿ. ನಾವು ಸ್ವತಂತ್ರರಾದ ವರ್ಷ.

ಹಾಗೆಂದು ಹೈಟಿಯ ಆಳುವವರನ್ನು ನಾನು ತೊಳೆದು ಬಿಳುಪು ಮಾಡುವುದಿಲ್ಲ. ದೆಸಲೀನ್ 1804ರಲ್ಲಿ ಉಳಿದಿದ್ದ ಬಿಳಿಯರ ಸಾಮೂಹಿಕ ಕೊಲೆ ಮಾಡಿಸಿದ. ಬುವಾಯೆ 1826ರ ಕಾನೂನಿನಿಂದ ರೈತರನ್ನು ಮತ್ತೆ ತೋಟಗಳಿಗೆ ಕಟ್ಟಿಹಾಕಲು ನೋಡಿದ. ದುವಾಲಿಯೇ ಅಪ್ಪ, ಮಗ 1957ರಿಂದ 1986ರವರೆಗೆ ದೇಶವನ್ನು ದೋಚಿದರು. ಆದರೆ ಶಾಲೆ, ರಸ್ತೆ, ಆಸ್ಪತ್ರೆ ಕಟ್ಟಬೇಕಾದ ಕಾಲದಲ್ಲಿ ಖಜಾನೆಯೇ ಪ್ಯಾರಿಸ್ಸಿಗೆ ಹರಿದು ಹೋಯಿತಲ್ಲ, ಅದನ್ನು ಬದಿಗಿಟ್ಟು ಭ್ರಷ್ಟಾಚಾರದ ಬಗ್ಗೆ ಉಪದೇಶ ಮಾಡುವುದು ನನಗೆ ಸಹ್ಯವಾಗುವುದಿಲ್ಲ. ಹೈಟಿ ಫ್ರಾನ್ಸಿಗೆ ತೆತ್ತದ್ದು ಒಟ್ಟು 11.2 ಕೋಟಿ ಫ್ರಾಂಕ್, ಇಂದಿನ ಲೆಕ್ಕದಲ್ಲಿ ಸುಮಾರು 56 ಕೋಟಿ ಡಾಲರ್ ಎಂದು ನ್ಯೂಯಾರ್ಕ್ ಟೈಮ್ಸ್ 2022ರಲ್ಲಿ ಅಂದಾಜು ಮಾಡಿತು. ಆ ಹಣ ಒಳಗೇ ಉಳಿದು ಬೆಳೆದಿದ್ದರೆ ಎಷ್ಟಾಗುತ್ತಿತ್ತು ಎಂಬುದು ಬೇರೆಯೇ ಲೆಕ್ಕ.

2003ರಲ್ಲಿ ಅಧ್ಯಕ್ಷ ಅರಿಸ್ತೀದ್ ಹಣ ವಾಪಸ್ ಕೇಳಿದರು, 2,100 ಕೋಟಿ ಡಾಲರಿಗೂ ಹೆಚ್ಚು. ಮರುವರ್ಷ ಫೆಬ್ರವರಿಯಲ್ಲಿ ಅಧಿಕಾರ ಕಳೆದುಕೊಂಡು ವಿಮಾನ ಹತ್ತಿದರು. ನಂತರ ಬಂದ ಸರ್ಕಾರ ಬೇಡಿಕೆಯನ್ನು ಕೈಬಿಟ್ಟಿತು. 2015ರಲ್ಲಿ ಫ್ರಾನ್ಸಿನ ಅಧ್ಯಕ್ಷ ಒಲಾಂದ್ ಹೈಟಿಯ ಋಣ ತೀರಿಸುವುದಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಅವರು ಹೇಳಿದ್ದು ನೈತಿಕ ಋಣದ ಬಗ್ಗೆ ಎಂದು ಸಹಾಯಕರು ಕೂಡಲೇ ತಿದ್ದಿದರು. 2025ರ ಏಪ್ರಿಲ್ 17ಕ್ಕೆ ಆಜ್ಞೆಗೆ ಇನ್ನೂರು ವರ್ಷ ತುಂಬಿದ ದಿನ ಮ್ಯಾಕ್ರೋನ್ ಇತಿಹಾಸಕಾರರ ಜಂಟಿ ಆಯೋಗವನ್ನು ಘೋಷಿಸಿದರು. ಹಣ ಕೊಡುವ ಭರವಸೆ ಅದರಲ್ಲಿರಲಿಲ್ಲ.

ಈಗ ಕೊಟ್ಟರೂ ಯಾರ ಕೈಗೆ ಕೊಡುವುದು, ಅಲ್ಲಿ ಸರಿಯಾದ ಸರ್ಕಾರವೇ ಇಲ್ಲವಲ್ಲ ಎನ್ನುವವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಆದರೆ 1825ರ ದಂಡದ ಹಣವನ್ನು ಹಂಚುವಾಗ ಫ್ರಾನ್ಸಿಗೆ ಇಂಥ ತೊಡಕು ಅಡ್ಡಿಯಾಗಲಿಲ್ಲ. ಆಯೋಗ ಕೂತು, ಸಾವಿರಾರು ಮಾಲೀಕರ ಮತ್ತು ವಾರಸುದಾರರ ಅರ್ಜಿಗಳನ್ನು ಪರಿಶೀಲಿಸಿ, ಯಾವ ತೋಟಕ್ಕೆ ಎಷ್ಟು, ಯಾರಿಗೆ ಎಷ್ಟು ಎಂದು ಹೆಸರು ಸಮೇತ ಸಂಪುಟಗಟ್ಟಲೆ ಮುದ್ರಿಸಿತ್ತು.