ಬಾನೆಟ್ ಎತ್ತದೇ ರೋಗ ಕಂಡುಹಿಡಿಯುವವರು

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಸರ್ವೀಸ್ ಸೆಂಟರಿನಲ್ಲಿ ನನ್ನ ಪಕ್ಕ ಒಬ್ಬರು ಹಿರಿಯರು ಕೂತಿದ್ದರು. ಅವರ ಕಾರಿನ ಮುಂದಿನ ಗಾಜಿಗೆ ನೀರು ಚಿಮ್ಮುತ್ತಿಲ್ಲವಂತೆ. ಟ್ಯಾಬ್ ಹಿಡಿದ ಹುಡುಗ ತಲೆ ಎತ್ತದೆ, "ಮೋಟಾರ್ ಹೋಗಿದೆ ಸಾರ್, ಟ್ಯಾಂಕ್ ಸಮೇತ ಬದಲಾಯಿಸಬೇಕು" ಅಂದ. ಬಾನೆಟ್ ಎತ್ತಿರಲಿಲ್ಲ. ಕಾರಿನ ಹತ್ತಿರವೂ ಹೋಗಿರಲಿಲ್ಲ!

ನನ್ನ ಬಾಯಿ ಸುಮ್ನಿರಲ್ಲ, ನಿಮಗೆ ಗೊತ್ತಲ್ಲ. "ವೈಪರ್ ಲಿವರ್ ಎಳೆದಾಗ ಗುಂಯ್ ಅಂತ ಸದ್ದು ಬರುತ್ತಾ?" ಅಂತ ಕೇಳಿದೆ. "ಬರುತ್ತೆ" ಅಂದರು. ಮತ್ತೆ ಮೋಟಾರ್ ಸತ್ತಿದ್ದು ಯಾವಾಗ ಸ್ವಾಮಿ?

ಸದ್ದು ಕೇಳುತ್ತಿದ್ದರೆ ಮೋಟಾರಿಗೆ ಕರೆಂಟ್ ಸಿಗುತ್ತಿದೆ, ಅದು ತಿರುಗುತ್ತಲೂ ಇದೆ. ಟ್ಯಾಂಕಿನಲ್ಲಿ ನೀರಿದೆಯಾ ನೋಡಿ. ಇದ್ದರೆ ಗಾಜಿಗೆ ನೀರು ಚಿಮ್ಮುವ ನಳಿಕೆಯ ಬುಡದಲ್ಲಿ ಪೈಪ್ ಎಳೆದು, ಮತ್ತೊಬ್ಬರಿಗೆ ಲಿವರ್ ಎಳೆಯಲು ಹೇಳಿ. ಅಲ್ಲಿ ನೀರು ಜೋರಾಗಿ ಬಂದರೆ ಕಟ್ಟಿಕೊಂಡಿರುವುದು ನಳಿಕೆ. ಒಂದು ಗುಂಡುಪಿನ್ನು ಸಾಕು. ಬರದಿದ್ದರೆ ಪೈಪ್ ಎಲ್ಲೋ ಕಳಚಿದೆ, ಮಡಚಿದೆ, ಇಲ್ಲಾ ಇಲಿ ಕಡಿದಿದೆ. ಬಾನೆಟ್ಟಿನ ಕೀಲಿನ ಹತ್ತಿರ ಮೊದಲು ನೋಡಿ, ಬಾನೆಟ್ ತೆರೆದು ಮುಚ್ಚಿ ಪೈಪ್ ಅಲ್ಲೇ ಜಾಸ್ತಿ ಸವೆಯುತ್ತೆ. ಪೈಪೂ ಸರಿಯಿದ್ದರೆ ಟ್ಯಾಂಕಿನ ತಳದಲ್ಲಿ, ಮೋಟಾರಿನ ಬಾಯಲ್ಲಿರುವ ಜಾಲರಿಗೆ ಪಾಚಿ ಮೆತ್ತಿರುತ್ತೆ.

ನಳಿಕೆ ಕಟ್ಟುವುದಕ್ಕೆ ಬೆಂಗಳೂರಿನಲ್ಲಿ ದೊಡ್ಡ ಕಾರಣವೇನೂ ಬೇಡ. ಬೋರ್‌ವೆಲ್ ನೀರು. ಗೀಸರಿನ ಕಾಯಿಲ್ ಮೇಲೆ ಕೂರುವ ಅದೇ ಬಿಳಿ ಸುಣ್ಣ ಸೂಜಿಮೊನೆಯಷ್ಟು ತೂತಿನಲ್ಲಿ ಕೂರದೆ ಬಿಡುತ್ತಾ? ಅದರ ಮೇಲೆ ನಮ್ಮ ಜನ ಒಂದು ಸ್ಯಾಶೆ ಶಾಂಪೂ ಬೇರೆ ಸುರಿಯುತ್ತಾರೆ. ಗಾಜಿಗೂ ತಲೆಸ್ನಾನ! ಕುಡಿಯುವ ಆರ್‌ಒ ಫಿಲ್ಟರ್ ನೀರು, ಅಂಗಡಿಯಲ್ಲಿ ಸಿಗುವ ವಾಷರ್ ದ್ರಾವಣ ಎರಡೇ ಸಾಕು.

ಸದ್ದೇ ಇಲ್ಲವಾ? ಆಗಲೂ ಮೊದಲು ಫ್ಯೂಸ್. ಡಬ್ಬಿಯ ಮುಚ್ಚಳದ ಮೇಲೋ ಕಾರಿನ ಪುಸ್ತಕದಲ್ಲೋ ಯಾವುದು ಅಂತ ಬರೆದಿರುತ್ತೆ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ, ದೊಡ್ಡದು ಹಾಕಿ ವೈರ್ ಸುಡಬೇಡಿ. ಆಮೇಲೆ ಮೋಟಾರಿಗೆ ವೈರ್ ಸಿಕ್ಕಿಸುವ ಕನೆಕ್ಟರ್. ಕೊನೆಗೆ ಮೋಟಾರ್. ಅದೂ ಹೆಚ್ಚಿನ ಕಾರುಗಳಲ್ಲಿ ಟ್ಯಾಂಕಿನ ರಬ್ಬರ್ ಬುಶ್‌ನಲ್ಲಿ ಸಿಕ್ಕಿಸಿರುವ ಪುಟ್ಟ ಸಾಮಾನು, ಎಳೆದರೆ ಬರುತ್ತೆ. ಮತ್ತೆ ಟ್ಯಾಂಕ್ ಯಾಕೆ ಅಂತ ಆ ಹುಡುಗನನ್ನು ಕೇಳಿದ್ದಕ್ಕೆ "ಸಿಸ್ಟಮ್‌ನಲ್ಲಿ ಹಾಗೇ ತೋರಿಸುತ್ತೆ ಸಾರ್" ಅಂತ ಉತ್ತರ. ಸಿಸ್ಟಮ್‌ಗೆ ಕಿವಿ ಇಲ್ಲ, ಸರಿ. ನಿನಗೆ ಇದೆಯಲ್ಲಪ್ಪ?

"ಪಾಪ, ಅವರಿಗೂ ಟಾರ್ಗೆಟ್ ಇರುತ್ತೆ, ಸಾಲಾಗಿ ಕಾರು ನಿಂತಿರುತ್ತೆ" ಅಂತ ನನ್ನ ತಂಗಿ ಫೋನಿನಲ್ಲಿ ವಕಾಲತ್ತು ಮಾಡಿದಳು. ಇರಲಿ. ಲಿವರ್ ಎಳೆದು ಕಿವಿಗೊಡಲು ಎಷ್ಟು ಹೊತ್ತು ಬೇಕು? ಟಾರ್ಗೆಟ್ ಅವರದ್ದು, ದುಡ್ಡು ಮಾತ್ರ ಪಿಂಚಣಿದಾರರದ್ದಾ?

ಇಷ್ಟು ಸಣ್ಣದಕ್ಕೆ ಯಾಕೆ ಕೂಗಾಡುತ್ತೀಯಾ ಅಂತೀರಾ? ನಿಜ ಹೇಳಲಾ, ಇದು ಹೆದರಿಕೆಯಿಂದ ಬಂದ ಸಿಟ್ಟು. ಮಳೆ ಬಿಟ್ಟ ಹೊತ್ತಿನಲ್ಲಿ ಶಿರಾಡಿ ಘಾಟಿ ಇಳಿದಿದ್ದೀರಾ? ಮುಂದಿನ ಲಾರಿ ರಾಡಿ ಎರಚುತ್ತೆ. ನೀರಿಲ್ಲದೆ ವೈಪರ್ ಹಾಕಿದರೆ ರಾಡಿ ಗಾಜಿಗೆಲ್ಲ ಬಳಿದುಕೊಳ್ಳುತ್ತೆ, ಮರಳು ಗಾಜನ್ನು ಗೀರುತ್ತೆ. ಎದುರಿನಿಂದ ಹೆಡ್‌ಲೈಟ್ ಬಿದ್ದರಂತೂ ಏನೂ ಕಾಣಲ್ಲ. ಪಕ್ಕದಲ್ಲಿ ಕಂದಕ. ಆಗ ಬಾಯಿಗೆ ಬರುವುದು ಮಂಜುನಾಥನ ಹೆಸರು ಮಾತ್ರ.

ಊರಿಗೆ ಹೊರಡುವವರು ಇವತ್ತೇ ಟ್ಯಾಂಕ್ ತುಂಬಿಸಿ, ಎರಡೂ ಕಡೆ ಚಿಮ್ಮುತ್ತಾ ನೋಡಿ. ಖಾಲಿ ಟ್ಯಾಂಕಿಟ್ಟುಕೊಂಡು ಲಿವರ್ ಎಳೆಯುತ್ತಾ ಕೂರಬೇಡಿ. ಒಣಗಿದ ಮೋಟಾರ್ ಬೇಗ ಸುಡುತ್ತೆ.